ವ್ಯಾಯಾಮ ಬರೆದುಕೊಟ್ಟರೆ ಸಾಲದು, ಹಾದಿಯೂ ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ನಿವೃತ್ತ ಶಿಕ್ಷಕರೊಬ್ಬರು ಮಧುಮೇಹದ ಚಿಕಿತ್ಸೆಗಾಗಿ ನನ್ನಲ್ಲಿಗೆ ಬರುತ್ತಿದ್ದರು. ಔಷಧ, ಪಥ್ಯಗಳ ಜೊತೆಗೆ ದಿನವೂ ಬೆಳಿಗ್ಗೆ ಅರ್ಧ ಗಂಟೆ ಸೈಕಲ್ ತುಳಿಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಶಿಸ್ತಿನ ಮನುಷ್ಯರು. ಅಟ್ಟದ ಮೇಲಿದ್ದ ಹಳೆಯ ಸೈಕಲ್ಲನ್ನು ಇಳಿಸಿ, ಚಕ್ರಗಳಿಗೆ ಹೊಸ ಟ್ಯೂಬು ಹಾಕಿಸಿ, ಮರುದಿನದಿಂದಲೇ ಆರಂಭಿಸಿದರು. ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಹತೋಟಿಗೆ ಬಂತು, ನಿದ್ರೆ ಸುಧಾರಿಸಿತು. ನಾಲ್ಕನೆಯ ತಿಂಗಳು ಒಂದು ನಸುಕಿನಲ್ಲಿ, ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಯಲ್ಲಿ, ವಿರುದ್ಧ ದಿಕ್ಕಿನಿಂದ ಬಂದ ಬೈಕೊಂದು ಅವರಿಗೆ ಬಡಿಯಿತು. ಸೊಂಟದ ಕೀಲಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರನ್ನು ನೋಡಲು ಹೋದಾಗ, "ದಿನವೂ ಅಲ್ಲಿಗೇ ಏಕೆ ಹೋಗುತ್ತಿದ್ದಿರಿ?" ಎಂದು ಕೇಳಿದೆ. "ಬೇರೆ ಹಾದಿ ಎಲ್ಲಿತ್ತು ಡಾಕ್ಟರೇ?" ಎಂದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಔಷಧ ಬರೆಯುವಾಗ ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳುವ ನಾವು, ವ್ಯಾಯಾಮ ಬರೆಯುವಾಗ ಅದು ಎಲ್ಲಿ ಸಿಗುತ್ತದೆ ಎಂದು ಹೇಳುವುದಿಲ್ಲ. ಈ ಲೇಖನ ಆ ಲೋಪವನ್ನು ತಿದ್ದಿಕೊಳ್ಳುವ ಪ್ರಯತ್ನ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದೇ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಕದಲದಿದ್ದರೆ ರೋಗ, ರಸ್ತೆಗಿಳಿದರೆ ಅಪಾಯ ಎಂಬ ಇಕ್ಕಟ್ಟಿನಲ್ಲಿ ನಮ್ಮ ಹಿರಿಯರೂ ಹೆಣ್ಣುಮಕ್ಕಳೂ ಮನೆಯ ಪಡಸಾಲೆಯನ್ನೇ ಆರಿಸಿಕೊಂಡಿದ್ದಾರೆ.

ಆಯುರ್ವೇದ ಈ ರೋಗವನ್ನು ಪ್ರಮೇಹವೆಂದು ಬಹು ಹಿಂದೆಯೇ ವರ್ಣಿಸಿದೆ. ಕುಳಿತಲ್ಲೇ ಕುಳಿತಿರುವ ಸುಖ ಮತ್ತು ಅತಿನಿದ್ರೆಯ ಸುಖಗಳನ್ನು ಚರಕಾಚಾರ್ಯರು ಅದರ ಕಾರಣಗಳಲ್ಲಿ ಎಣಿಸಿದ್ದಾರೆ. ಸುಶ್ರುತಾಚಾರ್ಯರು ಇನ್ನೂ ಮುಂದೆ ಹೋಗಿ ವಿಲಕ್ಷಣವೆನಿಸುವ ಚಿಕಿತ್ಸೆಯೊಂದನ್ನು ಹೇಳುತ್ತಾರೆ. ಬಡ ರೋಗಿಯು ಭಿಕ್ಷಾನ್ನವನ್ನು ಉಣ್ಣುತ್ತ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ನೂರು ಯೋಜನ ನಡೆಯಬೇಕು. ಧನಿಕನಾದರೆ ಸಾಮೆಯಂತಹ ಕಿರುಧಾನ್ಯ, ನೆಲ್ಲಿಕಾಯಿಗಳನ್ನು ತಿನ್ನುತ್ತ ಜಿಂಕೆಗಳ ನಡುವೆ ಬಾಳಬೇಕು. ಇಲ್ಲವಾದರೆ ಹೊಲ ಉಳಬೇಕು, ಬಾವಿ ತೋಡಬೇಕು. ಇದರ ತಾತ್ಪರ್ಯ ಸ್ಪಷ್ಟವಿದೆ. ರೋಗಿಯನ್ನು ಮನೆಯಿಂದ ಹೊರಡಿಸಿ, ಊರಿಂದೂರಿಗೆ ನಡೆಸಿ, ದುಡಿಮೆಗೆ ಹಚ್ಚಿದರೆ ರೋಗ ಇಳಿಯುತ್ತದೆ. ಕಾಯಕವನ್ನೇ ಬಾಳಿನ ತಿರುಳೆಂದು ಸಾರಿದ, ಚಲಿಸುವವನಿಗೆ ಜಂಗಮನೆಂಬ ಗೌರವ ಕೊಟ್ಟ ಪರಂಪರೆಯವರಾದ ನಮಗೆ ಇದು ಹೊಸ ಮಾತಲ್ಲ. ಆದರೆ ಒಂದು ಎಚ್ಚರಿಕೆ. ಸುಶ್ರುತರು ಪಾದರಕ್ಷೆಯಿಲ್ಲದೆ ನಡೆಯಲು ಹೇಳಿದ್ದಾರೆ. ಪಾದಗಳ ಸ್ಪರ್ಶಜ್ಞಾನ ಕುಂದಿರುವ ಇಂದಿನ ಮಧುಮೇಹಿಗಳು ಅದನ್ನು ಅಕ್ಷರಶಃ ಪಾಲಿಸಬಾರದು.

ಹಾಗಾದರೆ ಹಾದಿ ಎಲ್ಲಿದೆ? ನಮ್ಮ ಕಣ್ಣ ಮುಂದೆಯೇ ಇದೆ. ಹಾವೇರಿ ಸೀಮೆ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ನಾಡು. ಆಯುರ್ವೇದದಲ್ಲಿ ನೀರು, ಜೌಗು ಹೆಚ್ಚಿರುವುದು ಆನೂಪ ದೇಶ, ಒಣಭೂಮಿ ಜಾಂಗಲ ದೇಶ, ಎರಡರ ಗುಣಗಳೂ ಸಮವಾಗಿರುವುದು ಸಾಧಾರಣ ದೇಶ. ನಮ್ಮದು ಈ ಮೂರನೆಯ ಬಗೆಯದು. ಆರೋಗ್ಯಕ್ಕೆ ಅದೇ ಶ್ರೇಷ್ಠವೆಂದು ಹೇಳಲಾಗಿದೆ. ಈ ಸಮತೋಲನವನ್ನು ಕಾಪಾಡುವಲ್ಲಿ ನಮ್ಮ ಹಿರಿಯರು ಕಟ್ಟಿದ ಕೆರೆಗಳ ಪಾಲು ದೊಡ್ಡದು. ಹಾವೇರಿಯ ಹೆಗ್ಗೇರಿ, ರಾಣೇಬೆನ್ನೂರಿನ ದೊಡ್ಡ ಕೆರೆ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕೆರೆ ಮೊದಲಾದವುಗಳ ಜೊತೆಗೆ ಹಳ್ಳಿಹಳ್ಳಿಗೂ ಒಂದೊಂದು ಕೆರೆ, ಅದರ ಹಿನ್ನೀರಿನ ಜೌಗು, ಅದಕ್ಕೊಂದು ಏರಿ ಇವೆ. ಇವುಗಳ ಜೊತೆಗೆ ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆಗಳು, ಅವುಗಳ ಬದಿಯ ನಿರ್ವಹಣಾ ದಾರಿಗಳು ಬಂದಿವೆ.

ಈ ದಾರಿಗಳಲ್ಲಿ ವೈದ್ಯನ ಕಣ್ಣಿಗೆ ಬೀಳುವ ವಿಶೇಷವೊಂದಿದೆ. ನಿಂತ ನೀರಿನ ಮಟ್ಟ ಎಲ್ಲೆಡೆ ಒಂದೇ ಆದ್ದರಿಂದ ಏರಿಯ ನೆತ್ತಿಯನ್ನೂ ಸಮತಟ್ಟಾಗಿ ಕಟ್ಟಿರುತ್ತಾರೆ. ಕಾಲುವೆಯ ನೀರು ಮೆಲ್ಲನೆ ಹರಿಯಬೇಕಾದ್ದರಿಂದ ಅದರ ಬದಿಯ ದಾರಿಯೂ ಬಹುಪಾಲು ಕಣ್ಣಿಗೆ ಕಾಣದಷ್ಟು ಇಳಿಜಾರಿನದು. ನೀರಿಗೆ ಒಪ್ಪಿದ ಹಾದಿ ಸವೆದ ಮೊಣಕಾಲಿಗೂ ಒಪ್ಪುತ್ತದೆ. ಸೈಕಲ್ಲಿನಲ್ಲಿ ದೇಹದ ಭಾರವನ್ನು ಸೀಟು ಹೊರುತ್ತದೆ. ಕೀಲುಗಳು ಭಾರವಿಲ್ಲದೆ ಚಲಿಸುತ್ತವೆ.

ವೃದ್ಧರೂ ವಾತಪಿತ್ತರೋಗಿಗಳೂ ವ್ಯಾಯಾಮ ಬಿಡಬೇಕೆಂದು ಶಾಸ್ತ್ರವೇ ಹೇಳಿದೆಯಲ್ಲವೇ ಎಂದು ಓದುಗರು ಕೇಳಬಹುದು. ನಿಜ, ಅಷ್ಟಾಂಗಹೃದಯದಲ್ಲಿ ಹಾಗಿದೆ. ಆದರೆ ಅಲ್ಲಿ ವ್ಯಾಯಾಮವೆಂದರೆ ಬೆವರಿಳಿಸುವ ಕಠಿಣ ಶ್ರಮ. ದೇಹವನ್ನು ಹೆಚ್ಚು ಪೀಡಿಸದ ಸಂಚಾರವನ್ನು ಸುಶ್ರುತರು ಚಂಕ್ರಮಣವೆಂದು ಬೇರೆಯಾಗಿ ಹೇಳಿ, ಆಯುಸ್ಸು, ಬಲ, ಮೇಧೆ, ಜಠರಾಗ್ನಿಗಳಿಗೆ ಅದು ಹಿತವೆಂದಿದ್ದಾರೆ. ಸಮತಟ್ಟಾದ ಏರಿಯ ಮೇಲೆ, ಪಕ್ಕದವರೊಡನೆ ಮಾತಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಸೈಕಲ್ ತುಳಿಯುವುದು ಈ ಚಂಕ್ರಮಣದ ಸಾಲಿಗೆ ಸೇರುತ್ತದೆ ಎಂಬುದು ನನ್ನ ಅಭಿಪ್ರಾಯ. ಬಲಶಾಲಿಗಳು ಸಹ ಅರ್ಧಶಕ್ತಿಯಷ್ಟೇ ಶ್ರಮಿಸಬೇಕು. ಹಣೆ, ಮೂಗಿನ ಮೇಲೆ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅಂದಿಗೆ ಸಾಕು.

ಕಾಲವೂ ಇದಕ್ಕೆ ಕೂಡಿಬರುತ್ತದೆ. ಹೇಮಂತ, ಶಿಶಿರ, ವಸಂತ ಋತುಗಳು ವ್ಯಾಯಾಮಕ್ಕೆ ಯೋಗ್ಯವೆಂದು ಶಾಸ್ತ್ರ ಹೇಳುತ್ತದೆ. ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೊರುವಂತೆ ಮಾಡುವ ನಮ್ಮ ಎರೆಮಣ್ಣು ಆ ವೇಳೆಗೆ ಗಟ್ಟಿಯಾಗಿರುತ್ತದೆ. ಅದೇ ತಿಂಗಳುಗಳಲ್ಲಿ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಈ ಸೀಮೆಗೆ ಬರುತ್ತವೆ. ನೆರೆಯ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಈ ಹಕ್ಕಿಗಳಿಗಾಗಿಯೇ ಹೆಸರಾಗಿ, 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ. ತುಸು ದೂರದಲ್ಲಿ ನಿಂತು ನೋಡುವವರಿಗೆ ಹಕ್ಕಿಗಳು ಅಂಜುವುದು ಕಡಿಮೆ. ಮೊಬೈಲಿನಿಂದ ಕಣ್ಣೆತ್ತಿ ನೀರನ್ನೂ ಹಕ್ಕಿಯನ್ನೂ ನೋಡುವ ಅರ್ಧ ಗಂಟೆ ಮನಸ್ಸಿಗೂ ಔಷಧವೇ.

ಆದರೆ ಇಂದು ನಮ್ಮ ಏರಿಗಳ ಸ್ಥಿತಿ ಹೇಗಿದೆ? ಹಲವೆಡೆ ಬಳ್ಳಾರಿ ಜಾಲಿ ಬೆಳೆದು ದಾರಿ ಮುಚ್ಚಿದೆ. ಕೆಲವೆಡೆ ಊರಿನ ಕಸ ಅಲ್ಲಿಗೇ ಬೀಳುತ್ತದೆ. ದಾರಿ ಚೆನ್ನಾಗಿರುವ ಕಡೆ ಕಾರು, ಟಿಪ್ಪರುಗಳು ಒಳದಾರಿಯೆಂದು ನುಗ್ಗುತ್ತವೆ. ಏರಿಗೆ ಡಾಂಬರು ಹಾಕಿಸಿದರೆ ಅಭಿವೃದ್ಧಿಯಾಯಿತು ಎನ್ನುವವರಿದ್ದಾರೆ. ಡಾಂಬರಿನ ಹಿಂದೆಯೇ ವೇಗ ಬರುತ್ತದೆ, ವೇಗದ ಹಿಂದೆ ನನ್ನ ಶಿಕ್ಷಕ ಮಿತ್ರರಿಗೆ ಆದದ್ದೇ ಆಗುತ್ತದೆ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಗಟ್ಟಿಯಾಗಿರುವ, ಅಗಲವಾದ ಏರಿಗಳನ್ನು ಆರಿಸಿ, ಇಲಾಖೆಯ ಒಪ್ಪಿಗೆ ಪಡೆದು, ಗರಸು ಹಾಸಿ, ಬೆಳಿಗ್ಗೆ ಎರಡು ಗಂಟೆಯ ಕಾಲ ಮೋಟಾರು ವಾಹನಗಳನ್ನು ತಡೆಯಬೇಕು. ಹೊಲಕ್ಕೆ ಹೋಗುವ ರೈತನ ಚಕ್ಕಡಿ, ದನಕರು, ಅವನ ಬೈಕು ಎಂದಿನಂತೆ ಸಾಗಲಿ. ಆ ದಾರಿಯ ಮೊದಲ ಹಕ್ಕು ಅವನದೇ. ತೂಬು, ಕೋಡಿಗಳ ಬಳಿ ಕಟಾಂಜನ ಬೇಕು, ಏಕೆಂದರೆ ಒಂದು ಬದಿಯಲ್ಲಿ ಆಳವಾದ ನೀರಿದೆ. ಏರಿ ಒದ್ದೆಯಿದ್ದಾಗ, ಕೆರೆ ಕೋಡಿ ಬಿದ್ದಾಗ ಯಾರೂ ಅಲ್ಲಿಗೆ ಹೋಗಬಾರದು. ಜಾಲಿ ಕಡಿಯುವ ಕೆಲಸಕ್ಕೆ ಶ್ರಮದಾನ ಸಾಕು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರನ್ನು ನೆನೆಯುವ ನಮಗೆ ಕೆರೆಯ ಏರಿಯನ್ನು ಹಸನುಗೊಳಿಸುವುದು ಕಾಯಕವೂ ಹೌದು, ದಾಸೋಹವೂ ಹೌದು.

ಸೈಕಲ್ಲು ಬಡವರ ವಾಹನ, ಅದರ ಮೇಲೆ ಹೋದರೆ ಮರ್ಯಾದೆಗೆ ಕುಂದು ಎಂಬ ಭಾವನೆಯನ್ನು ಬಿಡಬೇಕು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಅಂದು ಸೈಕಲ್ಲೇರಿ ಪ್ರೌಢಶಾಲೆಗೆ ಹೋದ ಹಳ್ಳಿಯ ಹುಡುಗಿಯರು ಇಂದು ತಾಯಂದಿರಾಗಿದ್ದಾರೆ. ತುಳಿಯಲು ಅವರಿಗೆ ಬರುತ್ತದೆ. ಅಂಜಿಕೆಯಿಲ್ಲದ ಹಾದಿ ಮಾತ್ರ ಇಲ್ಲ. ಶ್ರೀಮಂತ ನೆದರ್‌ಲ್ಯಾಂಡಿನಲ್ಲಿ ಕಾಲುವೆಗಳ ಬದಿಯ ಹಾದಿಗಳಲ್ಲಿ ಮುದುಕರೂ ಮಕ್ಕಳೂ ಸೈಕಲ್ಲಿನಲ್ಲೇ ಊರಿಂದೂರಿಗೆ ಹೋಗುತ್ತಾರೆ. ಮೈಸೂರಿನಲ್ಲಿ 2017ರಿಂದ ಬಾಡಿಗೆ ಸೈಕಲ್ ವ್ಯವಸ್ಥೆ ನಡೆಯಿತು. ನಗರದವರು ಹಣ ಸುರಿದು ಹುಡುಕುವ ಪ್ರಶಾಂತ ದಾರಿ ನಮ್ಮಲ್ಲಿ ಜಾಲಿಯ ಕೆಳಗೆ ಬಿದ್ದಿದೆ.

ಆರಂಭಿಸುವವರಿಗೆ ಕೆಲವು ಸೂಚನೆಗಳು. ಪೆಡಲು ಕೆಳಗಿದ್ದಾಗ ಮೊಣಕಾಲು ತುಸುವೇ ಮಡಿಚಿರುವಷ್ಟು ಸೀಟಿನ ಎತ್ತರವಿರಲಿ. ಮೊದಲ ವಾರ ಹತ್ತು ನಿಮಿಷ ಸಾಕು. ಕ್ರಮೇಣ ಅರ್ಧ ಗಂಟೆಗೆ ಏರಿಸಿ, ವಾರಕ್ಕೆ ಐದು ದಿನ ತುಳಿದರೆ 150 ನಿಮಿಷ ತುಂಬುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ, ಕೈಕಾಲು ನಡುಗಿದರೆ ಕೂಡಲೇ ಇಳಿದು ಬಾಯಿಗೆ ಹಾಕಿಕೊಳ್ಳಿ. ಎದೆನೋವು, ಏದುಸಿರು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಕಾಲಿಗೆ ಮುಚ್ಚಿದ ಪಾದರಕ್ಷೆ ಇರಲಿ. ಒಬ್ಬರೇ ಹೋಗದೆ ಜೊತೆಯಾಗಿ ಹೋಗಿ.

ಅಭ್ಯಾಸವಾದ ಬಳಿಕ ಸುಶ್ರುತರು ಹೇಳಿದಂತೆ ಊರಿಂದೂರಿಗೂ ಹೋಗಬಹುದು. ಅಂಬಿಗರ ಚೌಡಯ್ಯನವರ ನೆನಪನ್ನು ಹೊತ್ತ ತುಂಗಭದ್ರೆಯ ದಡದ ಚೌಡದಾನಪುರ, ವರದಾ ತುಂಗಭದ್ರೆಯನ್ನು ಸೇರುವ ಗಳಗನಾಥ, ಕನಕದಾಸರ ಕಾಗಿನೆಲೆ ಇವೆಲ್ಲ ನಮ್ಮ ಜಿಲ್ಲೆಯಲ್ಲೇ ಇವೆ. ಜಿಂಕೆಗಳ ಸಹವಾಸ ಬೇಕೆನ್ನುವವರಿಗೆ 1974ರಲ್ಲಿ ಘೋಷಿತವಾದ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವೂ ಹತ್ತಿರವೇ. ಅರಣ್ಯ ಇಲಾಖೆಯ ನಿಯಮ ಪಾಲಿಸಿದರಾಯಿತು. ಇವೆಲ್ಲವನ್ನೂ ಜೋಡಿಸುವ ವಾಹನರಹಿತ ಹಾದಿ ಇಂದಿಲ್ಲ. ಏರಿಗಳನ್ನೂ ಕಾಲುವೆಯ ದಾರಿಗಳನ್ನೂ ಒಂದೊಂದಾಗಿ ಬಿಡಿಸಿಕೊಂಡರೆ ಮುಂದಿನ ತಲೆಮಾರಿಗೆ ಅದು ಸಿಕ್ಕೀತು.

ಭಕ್ತರಲ್ಲಿ ನನ್ನ ಬಿನ್ನಹ ಒಂದೇ. ಈ ಹೇಮಂತದಲ್ಲಿ ನಿಮ್ಮೂರಿನ ಕೆರೆಯ ಏರಿಯನ್ನು ಒಮ್ಮೆ ನಡೆದು ನೋಡಿ. ಹಸನುಮಾಡಲು ಏನೇನು ಬೇಕೆಂದು ಬರೆದು ಗ್ರಾಮ ಪಂಚಾಯತಿಗೆ ಕೊಡಿ. ನನ್ನ ಆ ಶಿಕ್ಷಕ ಮಿತ್ರರು ಈಗ ಕೋಲೂರಿ ನಡೆಯುತ್ತಾರೆ, ಮತ್ತೆ ಸೈಕಲ್ಲೇರುವುದು ಆಗದ ಮಾತು. ಅವರ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಇನ್ನು ಮುಂದೆ ಚೀಟಿಯಲ್ಲಿ ವ್ಯಾಯಾಮವನ್ನು ಬರೆಯುವಾಗ ಅದರ ಮುಂದೆ ಒಂದು ಏರಿಯ ಹೆಸರನ್ನೂ ಬರೆಯುವಂತಾಗಲಿ ಎಂಬುದು ನನ್ನ ಹಂಬಲ.