ಹನ್ನೆರಡು ವರ್ಷ ಮಲಗಿದ್ದ ಗಾಳಿದೋಣಿ

ಸ್ಕೂಟರನ್ನು ಆರು ತಿಂಗಳು ಮೂಲೆಗೆ ನಿಲ್ಲಿಸಿ ಬಂದವರಿಗೆ ಗೊತ್ತು: ಕಿಕ್ಕರ್ ಒದ್ದು ಒದ್ದು ಕಾಲು ನೋಯುತ್ತದೆಯೇ ಹೊರತು ಅದು ಉಸಿರೆತ್ತುವುದಿಲ್ಲ. ಇನ್ನು ಹನ್ನೆರಡು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಹೋವರ್‌ಕ್ರಾಫ್ಟನ್ನು ಎಬ್ಬಿಸುವುದೆಂದರೆ?

ಇಂಗ್ಲೆಂಡಿನ ಸೌತಾಂಪ್ಟನ್ ಹತ್ತಿರ ಮಗನ ಮನೆಯಲ್ಲಿ ಒಂದು ಬೇಸಿಗೆ ಕಳೆಯುವಾಗ ಈ ಕುಂಭಕರ್ಣ ಸೇವೆಗೆ ನಾನೂ ಕೈಜೋಡಿಸಿದೆ. ಯಂತ್ರ ಪಕ್ಕದ ಮನೆಯ ನಿವೃತ್ತ ಮೇಷ್ಟರದ್ದು. ವಯಸ್ಸು ಎಪ್ಪತ್ತಮೂರು. 'ಇನ್ನೊಂದು ಸಲ ನೀರಿನ ಮೇಲೆ ಓಡಿಸಿ, ಆಮೇಲೆ ಮೊಮ್ಮಗಳಿಗೆ ಕೊಟ್ಟುಬಿಡುತ್ತೇನೆ' ಎಂಬುದು ಅವರ ಆಸೆ. ಹುಡುಗಿಗೆ ಹದಿನೇಳು. ಹಾಗಾಗಿ 'ನಡೀತದೆ ಬಿಡಿ' ಎನ್ನುವ ಕೆಲಸ ಅಲ್ಲಿ ನಡೆಯುವಂತಿರಲಿಲ್ಲ.

ಈ ವಾಹನ ಹುಟ್ಟಿದ್ದೇ ಆ ದೇಶದಲ್ಲಿ. 1955ರಲ್ಲಿ ಕ್ರಿಸ್ಟಫರ್ ಕಾಕರೆಲ್ ಬೆಕ್ಕಿನ ಆಹಾರದ ಖಾಲಿ ಡಬ್ಬಿಯನ್ನು ಕಾಫಿ ಡಬ್ಬಿಯೊಳಗಿಟ್ಟು, ನಡುವಿನ ಸಂದಿಯಿಂದ ಗಾಳಿ ಊದಿ, ಅದರ ಒತ್ತಡವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದರು. 1959ರ ಜುಲೈ 25ರಂದು ಎಸ್‌ಆರ್‌ಎನ್-1 ಎಂಬ ಹೋವರ್‌ಕ್ರಾಫ್ಟ್ ಫ್ರಾನ್ಸಿನ ಕ್ಯಾಲೆಯಿಂದ ಡೋವರ್‌ಗೆ ಕಾಲುವೆ ದಾಟಿಯೇಬಿಟ್ಟಿತು. ಕಾರು ಹೊತ್ತು ಆ ಕಾಲುವೆ ದಾಟುತ್ತಿದ್ದ ದೈತ್ಯ ಹೋವರ್‌ಕ್ರಾಫ್ಟ್‌ಗಳು 2000ರಲ್ಲಿ ನಿವೃತ್ತವಾದವು. ಒಬ್ಬಿಬ್ಬರು ಕೂರುವ ಪುಟಾಣಿಗಳು ಹವ್ಯಾಸಿಗಳ ಶೆಡ್ಡುಗಳಲ್ಲಿ ಇನ್ನೂ ಉಳಿದಿವೆ.

ತತ್ವ ಸರಳ. ಫ್ಯಾನಿನ ಗಾಳಿಯಲ್ಲಿ ಒಂದು ಪಾಲು ಹಿಂದಕ್ಕೆ ನುಗ್ಗಿ ವಾಹನವನ್ನು ಮುಂದಕ್ಕೆ ತಳ್ಳುತ್ತದೆ. ಇನ್ನೊಂದು ಪಾಲು ತಳಕ್ಕೆ ಹೋಗಿ ಸುತ್ತಲಿನ ರಬ್ಬರ್ ಲಂಗದೊಳಗೆ ತುಂಬಿ ಅದನ್ನು ಎತ್ತುತ್ತದೆ. ಮೇಷ್ಟರ ವಾಹನ ಮೂರು ಮೀಟರ್ ಉದ್ದ, 1.8 ಮೀಟರ್ ಅಗಲ. ಅವರೂ ಸೇರಿ ತೂಕ 240 ಕಿಲೋ. ಲೆಕ್ಕ ಹಾಕಿ: ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಐದು ಗ್ರಾಮಿಗೂ ಕಡಿಮೆ. ನೀವು ನಿಂತಾಗ ನಿಮ್ಮ ಪಾದ ನೆಲವನ್ನು ಇದರ ಸುಮಾರು ನಲವತ್ತು ಪಟ್ಟು ಒತ್ತುತ್ತದೆ!

ಮೊದಲು ಪೆಟ್ರೋಲ್ ಟ್ಯಾಂಕ್. ಹಳೆಯ ಪೆಟ್ರೋಲು ಆವಿಯಾಗಿ ಕಾರ್ಬ್ಯುರೇಟರಿನಲ್ಲಿ ಅಂಟು ಮಾತ್ರ ಉಳಿದಿತ್ತು. ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಬಿಡಿಸಲು ಒಂದು ದಿನ ಹಿಡಿಯಿತು. ರಬ್ಬರ್ ಕೊಳವೆ ಬಗ್ಗಿಸಿದರೆ ಒಣಕಡ್ಡಿಯಂತೆ ಬಿರಿಯಿತು. ಲಂಗ ಒಂದೇ ಬಟ್ಟೆಯಲ್ಲ. ಒತ್ತೊತ್ತಾಗಿ ಕಟ್ಟಿದ ಹತ್ತಾರು ಸಣ್ಣ ಚೀಲಗಳ ಸಾಲು. ಒಂದು ಹರಿದರೆ ಅಕ್ಕಪಕ್ಕದವು ಉಬ್ಬಿ ಜಾಗ ತುಂಬುತ್ತವೆ. ಆದರೆ ಇಲಿಗಳು ಒಂಬತ್ತನ್ನು ಒಟ್ಟಿಗೇ ಕಡಿದಿದ್ದವು. ಮೇಷ್ಟರು ಹೊಲಿಗೆ ಯಂತ್ರ ತಂದು ಕೂತರು.

ಫ್ಯಾನಿನ ಪ್ಲಾಸ್ಟಿಕ್ ರೆಕ್ಕೆಯೊಂದರ ಬುಡದಲ್ಲಿ ಗೀರಿನಂಥ ಬಿರುಕು ಕಂಡಿತು. 'ಇದೊಂದನ್ನು ಬದಲಿಸಿದರೆ ಸಾಲದೆ?' ಎಂದೆ. 'ಉಳಿದವಕ್ಕೂ ಅಷ್ಟೇ ವಯಸ್ಸು' ಎಂದು ಎಲ್ಲವನ್ನೂ ತೆಗೆದರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಮುರಿದ ರೆಕ್ಕೆಗೂ ಗುಂಡಿಗೂ ವ್ಯತ್ಯಾಸವಿಲ್ಲ.

ಹುಲ್ಲಿನ ಮೇಲೆ, ನಾಲ್ಕು ಗೂಟಕ್ಕೆ ಹಗ್ಗದಿಂದ ಬಿಗಿದು ಮೊದಲ ಪರೀಕ್ಷೆ. ಕಿವಿಗಡಚಿಕ್ಕುವ ಸದ್ದು, ಲಂಗ ಉಬ್ಬಿತು, ಹುಲ್ಲು ಚಪ್ಪಟೆಯಾಗಿ ಮಲಗಿತು, ಯಂತ್ರ ಎದ್ದಿತು. ನಾನು ಒಂದು ಬೆರಳಿನಿಂದ ತಳ್ಳಿದರೆ ಹಗ್ಗದ ಅಳತೆಗೆ ಜಾರಿತು. ನಾವಿಬ್ಬರೂ ಮಕ್ಕಳಂತೆ ಕೂಗಿದೆವು.

ಖುಷಿ ಕೆರೆಯ ತನಕ ಮಾತ್ರ. ನೀರಿನ ಮೇಲೆ ಅದು ನೊರೆ ಎಬ್ಬಿಸುತ್ತ ತೆವಳಿತೇ ಹೊರತು ವೇಗ ಹಿಡಿಯಲೇ ಇಲ್ಲ. ಗಾಳಿಯ ಮೆತ್ತೆ ನೀರನ್ನೂ ಒತ್ತುತ್ತದೆ. ವಾಹನ ತನ್ನ ತೂಕದಷ್ಟೇ ನೀರನ್ನು ಸರಿಸಿ ಒಂದು ತಗ್ಗು ಮಾಡಿಕೊಳ್ಳುತ್ತದೆ. ಮುಂದೆ ಹೋಗುವಾಗ ಆ ತಗ್ಗಿನಿಂದ, ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ ದಾಟಬೇಕು. ದಾಟಿದರೆ ಹಾರಾಟ, ಇಲ್ಲದಿದ್ದರೆ ತೆವಳಾಟ. ಹುಲ್ಲಿನ ಮೇಲೆ ಈ ಗುಟ್ಟು ರಟ್ಟಾಗುವುದಿಲ್ಲ.

ದಡಕ್ಕೆ ಎಳೆತಂದು, ನಾಲ್ಕು ಮನೆಗಳಿಂದ ತೂಕದ ಯಂತ್ರ ಬೇಡಿ ತಂದು, ನಾಲ್ಕು ಮೂಲೆಗಿಟ್ಟು ತೂಗಿದೆವು. ಇರಬೇಕಾದದ್ದಕ್ಕಿಂತ 38 ಕಿಲೋ ಹೆಚ್ಚು! ತಳವನ್ನು ಕೊರೆದರೆ ಸಿಕ್ಕಿತು ಕಳ್ಳ. ಎಂಜಿನ್ ನಿಂತರೂ ಮುಳುಗದಿರಲೆಂದು ತುಂಬಿದ್ದ ಫೋಮ್, ಸೋರುವ ಶೆಡ್ಡಿನಲ್ಲಿ ಹನ್ನೆರಡು ಮಳೆಗಾಲದ ನೀರು ಕುಡಿದು ಕೂತಿತ್ತು. ತೇಲಿಸಬೇಕಾದದ್ದೇ ಭಾರವಾಗಿತ್ತು. ಮೊದಲ ದಿನವೇ ತೂಗಿದ್ದರೆ ಎರಡು ವಾರ ಉಳಿಯುತ್ತಿತ್ತು.

ಹೊಸ ಫೋಮ್ ತುಂಬಿದ ಮೇಲೆ, ಒಂದು ಭಾನುವಾರ ಮೇಷ್ಟರು ಲೈಫ್ ಜಾಕೆಟ್ ತೊಟ್ಟು ಹೊರಟರು. ಒಂದು ಕ್ಷಣ ಮೂಗು ಮೇಲೆತ್ತಿ ಒದ್ದಾಡಿದ ಯಂತ್ರ, ಮರುಕ್ಷಣ ನೊರೆಯನ್ನು ಹಿಂದೆ ಬಿಟ್ಟು ಜಾರಿಹೋಯಿತು. ದಡದಲ್ಲಿದ್ದ ಅವರ ಹೆಂಡತಿ ಆಗಲೇ ಕುರ್ಚಿಯಲ್ಲಿ ಕೂತದ್ದು.

ಮೊಮ್ಮಗಳಿಗೆ ಆ ದಿನ ನೀರಿಗಿಳಿಯಲು ಬಿಡಲಿಲ್ಲ. ಹೋವರ್‌ಕ್ರಾಫ್ಟಿಗೆ ಬ್ರೇಕ್ ಇಲ್ಲ. ಚಾಲಕನ ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತರೆ ಎಂಜಿನ್ ನಿಲ್ಲುತ್ತದೆ, ಅಷ್ಟೇ. ಹುಲ್ಲಿನ ಮೇಲೆ ಅವಳಿಂದ ಆ ದಾರವನ್ನು ಇಪ್ಪತ್ತು ಸಲ ಎಳೆಸಿದರು. 'ತಾತ, ಓಡಿಸುವುದು ಯಾವಾಗ ಕಲಿಸುತ್ತೀರಿ?' ಎಂದಳು.

'ನಿಲ್ಲಿಸುವುದು ಬಂದ ಮೇಲೆ' ಎಂದರು ಮೇಷ್ಟರು.