ಬಿದ್ದವನು ಎದ್ದ

ಭಟ್ಕಳದಿಂದ ಕುಮಟೆಗೆ ಹೊರಟ ಬಸ್ಸು. ಹೊನ್ನಾವರದಲ್ಲಿ ಹತ್ತಿ ನನ್ನ ಪಕ್ಕದಲ್ಲಿ ಕುಳಿತ ಕೊಂಕಣಿ ಮನೆಮಾತಿನ ಬಾಲಕನೊಬ್ಬ ಉತ್ಸಾಹದಿಂದ, “ನಿನ್ನೆ ತಮ್ಮ ಮೆಟ್ಟಿಲಿನಿಂದ ಬೀಳಿದ, ನಾನು ನಗಿದೆ” ಎಂದ. ಸುತ್ತಲಿನವರು ಗೊಳ್ಳೆಂದು ನಕ್ಕರು. ಹುಡುಗನ ಮುಖ ಬಾಡಿತು. ಮತ್ತೆ ಕನ್ನಡದ ಒಂದು ಮಾತೂ ಅವನ ಬಾಯಿಂದ ಹೊರಡಲಿಲ್ಲ.

ಅವನು ಮಾಡಿದ ಅಪರಾಧವಾದರೂ ಏನು? ‘ಓಡು–ಓಡಿದ’, ‘ಹಾಡು–ಹಾಡಿದ’ ಎಂಬ ಸೂತ್ರವನ್ನು ತಾನಾಗಿ ಗ್ರಹಿಸಿದ್ದ. ಸೂತ್ರ ಮೀರಿದ್ದು ‘ಬೀಳು’ ಧಾತು, ಹುಡುಗನಲ್ಲ. ಹಳಗನ್ನಡದಲ್ಲಿ ಅದು ‘ಬಿೞ್ದಂ’ ಎಂದಿತ್ತು. ೞಕಾರವು ದಕಾರದಲ್ಲಿ ಕರಗಿ ‘ಬಿದ್ದ’ ಎಂದಾಯಿತು. ‘ಎದ್ದ’ ಎಂಬುದರ ಕಥೆಯೂ ಅದೇ. ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದ 13ನೆಯ ಶತಮಾನದ ವೇಳೆಗೆ ಆ ಅಕ್ಷರ ಜನರ ನಾಲಗೆಯಿಂದ ಜಾರತೊಡಗಿತ್ತು.

ದಿನಬಳಕೆಯ ಮಾತುಗಳೇ ಅನೇಕ ಭಾಷೆಗಳಲ್ಲಿ ಹೀಗೆ ಸೂತ್ರ ಮೀರುತ್ತವೆ. ಆ ಹುಡುಗನ ಕೊಂಕಣಿಯಲ್ಲಿಯೇ ಹೋಗುತ್ತಾನೆ ಎನ್ನಲು ‘ವತ್ತಾ’, ಹೋದ ಎನ್ನಲು ‘ಗೆಲೊ’. ಸ್ಪಾನಿಷ್ ಭಾಷೆಯಲ್ಲಿ ‘ಹೋದ’, ‘ಆಗಿದ್ದ’ ಎಂಬೆರಡಕ್ಕೂ ‘ಫುಯೆ’ ಎಂಬ ಒಂದೇ ರೂಪ. ಇಂಥವು ಪಟ್ಟಿಯ ಕಂಠಪಾಠಕ್ಕಿಂತ ಕೇಳಿ, ಆಡಿ ಬರತಕ್ಕವು. ನಕ್ಕು ಬಾಯಿ ಮುಚ್ಚಿಸಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಕುಮಟೆ ಸಮೀಪಿಸಿತು. ನಾನು ಮೆಲ್ಲಗೆ ಕೇಳಿದೆ: “ತಮ್ಮ ಬಿದ್ದನಲ್ಲ, ಆಮೇಲೆ ಎದ್ದನೇನಪ್ಪ?”

ಹುಡುಗ ಕ್ಷಣ ಯೋಚಿಸಿ, “ಎದ್ದ” ಎಂದ. ಇಳಿಯುವಾಗ ತಿರುಗಿ ನೋಡಿ ಸೇರಿಸಿದ: “ಅವನೂ ನಕ್ಕ!”