ಮಳಲ ಮೇಲಣ ಪ್ರಾರ್ಥನೆ

ಅನ್ಯಮತದವರ ಪ್ರಾರ್ಥನೆಗೆ ಗೃಹಸ್ಥನು ಹೋಗಬಹುದೇ, ಹೋದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಬಂಧುಗಳೊಬ್ಬರು ನಮ್ಮ ಮುಂದಿಟ್ಟರು. ಪರಧರ್ಮದ ಭಯವನ್ನು ಹೇಳುವ ಗೀತಾವಾಕ್ಯವನ್ನೂ ನೆನಪಿಸಿದರು. ಆ ವಾಕ್ಯವು ತನ್ನ ಕರ್ತವ್ಯವನ್ನು ತೊರೆದು ಪರರ ಕರ್ತವ್ಯವನ್ನು ಹಿಡಿಯುವುದನ್ನು ನಿಷೇಧಿಸುವುದೇ ಹೊರತು, ಪರರಲ್ಲಿ ಅತಿಥಿಯಾಗುವುದನ್ನಲ್ಲ. ನಾವು ಕಂಡುಬಂದ ಒಂದು ಕೂಟವನ್ನು ಹೇಳಿದರೆ ವಿಷಯವು ವಿಶದವಾದೀತು.

ಕಳೆದ ಮಾಘಮಾಸದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಆಹ್ವಾನದ ಮೇರೆಗೆ ಕೇರಳದ ಪತ್ತನಂತಿಟ್ಟ ಜಿಲ್ಲೆಯ ಮಾರಾಮಣ್ ಗ್ರಾಮಕ್ಕೆ ಹೋಗಿದ್ದೆವು. ಅಲ್ಲಿ ಮಾರ್ ತೋಮಾ ಸಭೆಯ ಕ್ರೈಸ್ತರು ೧೮೯೫ರಲ್ಲಿ ಆರಂಭಿಸಿದ ಎಂಟು ದಿನಗಳ ವಾರ್ಷಿಕ ಕೂಟವು ಪಂಪಾನದಿಯ ಮಳಲ ಮೇಲೆ ಜರಗುವುದು. ಈ ಪಂಪೆ ನಮ್ಮ ಹಂಪೆಯ ಬಳಿಯ ಪಂಪಾಸರೋವರವಲ್ಲ; ಶಬರಿಮಲೆಯ ಯಾತ್ರಿಕರು ಮೀಯುವ ಹೊಳೆ.

ಗೋಪುರವಿಲ್ಲ, ಗೋಡೆಯಿಲ್ಲ, ಪೀಠಗಳ ಸಾಲಿಲ್ಲ. ನೀರು ತಗ್ಗಿದಾಗ ತೆರೆದು ತೋರುವ ಮಳಲ ಹಾಸೇ ದೇವಾಲಯ. ಅದರ ಮೇಲೊಂದು ವಿಶಾಲವಾದ ಗರಿಯ ಚಪ್ಪರ. ದಾಟಲು ತಾತ್ಕಾಲಿಕ ಸೇತುವೆ. ಕೈಗೂಸುಗಳುಳ್ಳ ತಾಯಂದಿರಿಗೆ ಬೇರೊಂದು ಚಪ್ಪರ. ಈ ಗೃಹಿಣೀಸಹಜವಾದ ವಿವೇಕವು ನಮ್ಮ ಉತ್ಸವಗಳಿಗೂ ಅನುಕರಣೀಯ. ಸಹಸ್ರಾರು ಜನರು ನೆಲದ ಮೇಲೆಯೇ ಕುಳಿತಿದ್ದರು. ಕೂಟ ಮುಗಿದ ಬಳಿಕ ಚಪ್ಪರವನ್ನು ಬಿಚ್ಚುವರು. ಮಳೆಗಾಲದಲ್ಲಿ ಹೊಳೆಯು ಆ ನೆಲವನ್ನೇ ಮುಳುಗಿಸುವುದು. ಮಣ್ಣಿನ ಗಣಪತಿಯನ್ನು ಪೂಜಿಸಿ ನೀರಿಗೆ ಬಿಡುವ ನಮಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾದುದಿಲ್ಲ.

ಈ ಸಭೆಯ ಮೂಲಪುರುಷರಲ್ಲಿ ಅಗ್ರಗಣ್ಯರಾದ ಅಬ್ರಹಾಂ ಮಲ್ಪಾನರು ಮಾರಾಮಣ್ಣಿನವರೇ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಅವರು ಸಿರಿಯಾಕ್ ಭಾಷೆಯ ಆರಾಧನಾವಿಧಿಯನ್ನು ಮನೆಮಾತಾದ ಮಲೆಯಾಳಕ್ಕೆ ತಂದರು. ದೇವಭಾಷೆಯನ್ನೇ ಓದಿ ಬೆಳೆದ ನಮಗೂ ಅದರ ಫಲವು ಅಲ್ಲಿ ಪ್ರತ್ಯಕ್ಷವಾಯಿತು: ಹಾಡಿನ ಅರ್ಥವು ಮುದುಕರ ಮುಖದಲ್ಲಿಯೂ ಮಕ್ಕಳ ಮುಖದಲ್ಲಿಯೂ ಒಂದೇ ಸಮನೆ ತೋರುತ್ತಿತ್ತು. ಸ್ತೋತ್ರ, ಕೃಪೆ, ರಕ್ಷೆ, ಪಾಪ ಎಂಬ ಶಬ್ದಗಳು ನಮ್ಮ ಕಿವಿಗೂ ಪರಿಚಿತವಾಗಿಯೇ ಬಂದು ಬಿದ್ದವು. ಉಳಿದುದನ್ನು ಶಿಷ್ಯನು ಮೆಲ್ಲನೆ ಅನುವಾದಿಸಿದನು.

ಪ್ರಾರ್ಥನೆಗೆ ಎಲ್ಲರೂ ಎದ್ದಾಗ ನಾವೂ ಎದ್ದೆವು. ಆದರೆ ಅವರ ಮಾತುಗಳನ್ನು ನುಡಿಯಲಿಲ್ಲ. ತಾನು ನಂಬದುದನ್ನು ದೇವರ ಇದಿರಿನಲ್ಲಿ ನುಡಿಯುವುದು ಸೌಜನ್ಯವಲ್ಲ, ಅನೃತ. ಉಪದೇಶಕರು ಮುಕ್ತಿಗೆ ಮಾರ್ಗವೊಂದೇ ಎಂದು ಹೇಳಿದಾಗ ನಮ್ಮ ಮನಸ್ಸು ಮುದುಡಿತು. ಎದ್ದುಹೋಗಬಹುದಾಗಿತ್ತು. ಆದರೆ ಅವರು ತಮ್ಮ ಚಪ್ಪರದಲ್ಲಿ ತಮ್ಮ ಜನಕ್ಕೆ ತಮ್ಮ ಶ್ರದ್ಧೆಯನ್ನು ಹೇಳುತ್ತಿದ್ದರು. ವಾದಕ್ಕೆ ನಮ್ಮನ್ನು ಕರೆದಿರಲಿಲ್ಲ. ನಮ್ಮ ಹಣೆಯ ಗಂಧವನ್ನು ಕಂಡ ಪಕ್ಕದ ವೃದ್ಧರೊಬ್ಬರು ಅಷ್ಟರಲ್ಲಿ ತಮ್ಮ ಹಾಸಿನ ಅರ್ಧವನ್ನು ನಮ್ಮ ಕಡೆಗೆ ಸರಿಸಿದರು. ಸಿದ್ಧಾಂತದಲ್ಲಿ ನಮಗೆಡೆಯಿಲ್ಲದಿದ್ದರೂ ಹಾಸಿನಲ್ಲಿ ಎಡೆಯಿತ್ತು. ನಾವು ಕುಳಿತೆವು.

ಇದೇ ನದಿಯ ಮಳಲ ಮೇಲೆ, ಅನತಿದೂರದ ಚೆರುಕೋಲ್ಪುಳದಲ್ಲಿ, ೧೯೧೩ರಲ್ಲಿ ಆರಂಭವಾದ ಹಿಂದೂ ಪರಿಷತ್ತು ಕೂಡ ಇದೇ ಋತುವಿನಲ್ಲಿ ನೆರೆಯುವುದು. ಎರಡು ಕೂಟಗಳಿಗೂ ಹೊಳೆಯೊಂದೇ. ಆದರೆ ಮನುಷ್ಯನ ಆಶೆಯು ಪಂಪೆಯ ಮಳಲನ್ನು ಬಹುಕಾಲ ಬಾಚಿ ಸಾಗಿಸಿತು. ಹೊಳೆಯ ಪಾತ್ರವು ತಗ್ಗಿತು, ಮಳಲ ಹಾಸು ಕುಗ್ಗಿತು. ೨೦೧೮ರ ಮಹಾಪ್ರವಾಹವು ದಡದ ಮನೆಗಳಿಗೆ ನುಗ್ಗಿದಾಗ ಒಳಗಿರುವವರ ಮತವನ್ನು ಕೇಳಲಿಲ್ಲ. ಕೂರುವ ನೆಲವೇ ಕರಗಿಹೋದರೆ ಯಾರ ಪ್ರಾರ್ಥನೆಗೆ ಎಡೆಯುಂಟು?

ವಾಚಕ ಮಹಾಶಯರು ಇಷ್ಟನ್ನು ಗಮನಿಸಿದರೆ ಸಾಕು: ಕರೆದರೆ ಹೋಗಬೇಕು, ಅವರು ನಿಂತಾಗ ನಿಲ್ಲಬೇಕು, ಮನಸ್ಸೊಪ್ಪದುದನ್ನು ನುಡಿಯಬಾರದು, ಒಪ್ಪದ ಮಾತನ್ನು ಕೇಳಿ ಮುನಿಯಬಾರದು, ಮನೆಗೆ ಬಂದು ಹಾಸ್ಯಮಾಡಬಾರದು. ತನ್ನ ದೀಪವನ್ನು ಮನೆಯಲ್ಲಿ ಹಚ್ಚಿಟ್ಟು ಹೋದವನಿಗೆ ನೆರೆಮನೆಯ ಬೆಳಕು ಭಯಕಾರಣವಾಗದು.